ಪೇಪರ್‌ನಲ್ಲಿ 120, ಹರಿಹರಪುರದಲ್ಲಿ ಸೊನ್ನೆ: ಎಲೆಕ್ಟ್ರಿಕ್ ಗಾಡಿ ರೇಂಜ್‌ನ ಮಲೆನಾಡ ಲೆಕ್ಕ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಕೊಪ್ಪದಿಂದ ಮಾತಾಡ್ತಾ ಇದ್ದೀನಿ. ಹಿಂದೆ ಮಳೆ ಸದ್ದು ಕೇಳಿಸಿದ್ರೆ ಹೊಂದಿಕೊಳ್ಳಿ, ಈ ತಿಂಗಳಲ್ಲಿ ಅದನ್ನು ಎಡಿಟ್ ಮಾಡಿ ತೆಗೆಯೋಕೆ ಆಗಲ್ಲ.

ಇವತ್ತಿನ ವಿಷಯಕ್ಕೆ ಕಾರಣ ಎರಡು. ಒಂದು, ಎನ್.ಆರ್.ಪುರ ಹತ್ತಿರದ ಹಳ್ಳಿಯಿಂದ ಬಂದ ವಾಯ್ಸ್ ಮೆಸೇಜ್. ಕೆಲಸಕ್ಕಾಗಿ ದಿನಾ ಕೊಪ್ಪಕ್ಕೆ ಬಂದು ಹೋಗೋ ಅಕ್ಕ ಒಬ್ಬರು ಕೇಳಿದ್ರು: "ನಂಗೆ ದಿನಕ್ಕೆ 45 ಕಿ.ಮೀ. ಓಡಾಟ. ಶೋರೂಮ್‌ನಲ್ಲಿ 120 ಕಿ.ಮೀ. ಬರುತ್ತೆ ಅಂತಾರೆ, ಪಕ್ಕದ ಮನೆಯವರು 70 ಬಂದ್ರೆ ಪುಣ್ಯ ಅಂತಾರೆ. ಯಾರನ್ನ ನಂಬೋದು? ಸಾಲ ಮಾಡಿ ತಗೋಬೇಕು ನಾನು."

ಎರಡನೇ ಕಾರಣ ನಮ್ಮ ಮನೆಯದ್ದೇ. ಹೋದ ವರ್ಷ ನನ್ನ ಮಾತು ಕೇಳಿ ಅಪ್ಪ ಹಳೇ ಪೆಟ್ರೋಲ್ ಸ್ಕೂಟರ್ ಮಾರಿ ಎಲೆಕ್ಟ್ರಿಕ್ ತಗೊಂಡ್ರು. ಯಾವ ಕಂಪನಿ ಅಂತ ಹೇಳಲ್ಲ, ಯಾಕಂದ್ರೆ ಇದು ಒಂದು ಕಂಪನಿಯ ಕಥೆ ಅಲ್ಲ. ಬ್ಯಾಟರಿ 3 ಯೂನಿಟ್ಟಿನದು, ಪೇಪರ್‌ನಲ್ಲಿ ರೇಂಜ್ 120 ಕಿ.ಮೀ. ಜುಲೈನಲ್ಲಿ ಅಮ್ಮನ್ನ ಕೂರಿಸಿಕೊಂಡು ಶೃಂಗೇರಿಗೆ ಹೋದೆ. ಅಲ್ಲಿಂದ ಕಿಗ್ಗಕ್ಕೂ ಹೋಗೋಣ ಅಂದ್ರು. ಶೃಂಗೇರಿಗೆ ಸುಮಾರು 30, ಅಲ್ಲಿಂದ ಕಿಗ್ಗಕ್ಕೆ ಸುಮಾರು 10. ಹೋಗಿ ಬರೋಕೆ ಒಟ್ಟು 80. ನಾನು ಬಿ.ಕಾಂ. ಮಾಡಿದವನು, 120ರಲ್ಲಿ 80 ಕಳೆದ್ರೆ 40 ಉಳಿಯುತ್ತೆ ಅಂತ ಧೈರ್ಯವಾಗಿ ಹೊರಟೆ.

ಕಿಗ್ಗದ ಋಷ್ಯಶೃಂಗೇಶ್ವರ ಮಳೆ ಕೊಡೋ ದೇವರು ಅಂತ ನಿಮಗೆ ಗೊತ್ತಲ್ಲ. ಅವತ್ತು ಕೇಳದೇನೇ ಕೊಟ್ಟ. ವಾಪಸ್ ಬರುವಾಗ ಹರಿಹರಪುರದ ಹತ್ತಿರ ಚಾರ್ಜ್ ಒಂದಂಕಿಗೆ ಇಳಿದು, ಗಾಡಿ ಏರು ಹತ್ತೋದನ್ನ ನಿಲ್ಲಿಸ್ತು. ಪುನರ್ವಸು ಮಳೆ ಸುರೀತಾ ಇತ್ತು, ಕತ್ತಲಾಗ್ತಾ ಇತ್ತು. ರಸ್ತೆ ಬದಿಯ ಮನೆಯೊಂದಕ್ಕೆ ತಳ್ಳಿಕೊಂಡು ಹೋದ್ರೆ ಅಲ್ಲಿ ಕರೆಂಟೇ ಇಲ್ಲ. ಆ ಮನೆಯವರು ಬಿಸಿ ಕಾಫಿ ಕೊಟ್ಟು ಕೂರಿಸಿದ್ರು. ಅಮ್ಮ ಬೈಲಿಲ್ಲ. ಲೋಟ ಹಿಡ್ಕೊಂಡು ಒಂದೇ ಮಾತು ಕೇಳಿದ್ರು: "ಅಲ್ಲ ಮಾರಾಯ, ಪೇಪರ್‌ನಲ್ಲಿ 120 ಅಂತ ಇತ್ತಲ್ವನಾ?"

ಇತ್ತು. ಆ 120 ಎಲ್ಲಿಂದ ಬಂತು, ನಮ್ಮ ರಸ್ತೆಯಲ್ಲಿ ಎಲ್ಲಿಗೆ ಹೋಯ್ತು ಅನ್ನೋದೇ ಇವತ್ತಿನ ಸಂಚಿಕೆ.

ಪರೀಕ್ಷೆ ನಡೆಯೋದು ಎಲ್ಲಿ?

ನಮ್ಮ ದೇಶದಲ್ಲಿ ಗಾಡಿ ಮಾರುಕಟ್ಟೆಗೆ ಬರೋ ಮೊದಲು ಪುಣೆಯ ಎಆರ್‌ಎಐ ಥರದ ಸಂಸ್ಥೆಗಳಲ್ಲಿ ಪರೀಕ್ಷೆ ಆಗ್ಬೇಕು. ರೇಂಜ್ ಪರೀಕ್ಷೆಯಲ್ಲಿ ಗಾಡಿ ರಸ್ತೆಗೆ ಇಳಿಯಲ್ಲ. ಲ್ಯಾಬ್ ಒಳಗೆ ರೋಲರ್ ಮೇಲೆ ನಿಲ್ಲಿಸಿ, ಒಂದು ನಿಗದಿತ ಪಟ್ಟಿಯಂತೆ ಓಡಿಸ್ತಾರೆ: ಇಷ್ಟು ಸೆಕೆಂಡ್ ವೇಗ ಏರಿಸು, ಇಷ್ಟು ಸೆಕೆಂಡ್ ಅದೇ ವೇಗದಲ್ಲಿರು, ಇಷ್ಟು ಸೆಕೆಂಡ್ ನಿಲ್ಲು. ಇದಕ್ಕೆ ಇಂಡಿಯನ್ ಡ್ರೈವಿಂಗ್ ಸೈಕಲ್, ಅಂದ್ರೆ ಐಡಿಸಿ ಅಂತ ಹೆಸರು. ದ್ವಿಚಕ್ರ ವಾಹನದ ಒಂದು ಸುತ್ತು 108 ಸೆಕೆಂಡ್. ಗರಿಷ್ಠ ವೇಗ ಗಂಟೆಗೆ 42 ಕಿ.ಮೀ., ಸರಾಸರಿ ಸುಮಾರು 22. ಬ್ಯಾಟರಿ ಖಾಲಿ ಆಗೋವರೆಗೆ ಇದೇ ಸುತ್ತು ಮತ್ತೆ ಮತ್ತೆ.

ಅಲ್ಲಿ ಏರು ಇಲ್ಲ, ಗುಂಡಿ ಇಲ್ಲ, ಎದುರುಗಾಳಿ ಇಲ್ಲ, ಹಿಂದೆ ಕೂತ ಅಮ್ಮ ಇಲ್ಲ, ಅಮ್ಮನ ಚೀಲವೂ ಇಲ್ಲ. ಹವೆ ಹದವಾಗಿರುತ್ತೆ. ಕಾರಾದ್ರೆ ಎಸಿ ಹಾಕಿರಲ್ಲ.

ಹಾಗಂತ ಇದು ಮೋಸ ಅಲ್ಲ. ಎಲ್ಲ ಗಾಡಿಗಳಿಗೂ ಒಂದೇ ಪ್ರಶ್ನೆಪತ್ರಿಕೆ ಇದ್ರೆ ತಾನೇ ಯಾರಿಗೆ ಎಷ್ಟು ಮಾರ್ಕ್ಸ್ ಅಂತ ಹೋಲಿಸೋಕೆ ಆಗೋದು? ಎ ಕಂಪನಿಯ ಸ್ಕೂಟರ್‌ಗೂ ಬಿ ಕಂಪನಿಯದಕ್ಕೂ ಎಷ್ಟು ವ್ಯತ್ಯಾಸ ಅಂತ ತಿಳಿಯೋಕೆ ಆ ಅಂಕಿ ಸರಿಯಾಗೇ ಇದೆ. ನಾನು ಮಾಡಿದ ತಪ್ಪು ಏನಂದ್ರೆ, ಅದೇ ಅಂಕಿ ಇಟ್ಕೊಂಡು ಕಿಗ್ಗಕ್ಕೆ ಹೊರಟಿದ್ದು.

ರೂಪಾಯಿಗೆ 70 ಪೈಸೆ

ಹಾಗಾದ್ರೆ ಕೈಗೆ ಸಿಗೋದು ಎಷ್ಟು? ಇದಕ್ಕೆ ಕಂಪನಿಗಳೇ ಒಂದು ಸುಳಿವು ಕೊಟ್ಟಿವೆ.

ಬೆಂಗಳೂರಿನ ಏಥರ್ ಕಂಪನಿ 2022ರಲ್ಲಿ ಹೊಸ 450ಎಕ್ಸ್ ಬಿಟ್ಟಾಗ ಎರಡು ಅಂಕಿ ಹೇಳ್ತು. ಪ್ರಮಾಣಪತ್ರದ ರೇಂಜ್ 146 ಕಿ.ಮೀ., ರಸ್ತೆಯಲ್ಲಿ ಸಿಗೋ 'ಟ್ರೂ ರೇಂಜ್' 105. ಟಾಟಾ 2024ರಲ್ಲಿ ಕರ್ವ್ ಇವಿ ಬಿಟ್ಟಾಗ ದೊಡ್ಡ ಬ್ಯಾಟರಿಯ ಕಾರಿಗೆ ಪ್ರಮಾಣಪತ್ರದಲ್ಲಿ 585 ಕಿ.ಮೀ. ಇತ್ತು, ಆದ್ರೆ ಹೆಚ್ಚಿನ ಗ್ರಾಹಕರಿಗೆ ಸಿಗೋದು 400ರಿಂದ 425 ಅಂತ ಕಂಪನಿಯೇ ಹೇಳ್ತು. ಭಾಗಿಸಿ ನೋಡಿ. ಎರಡರಲ್ಲೂ ಬರೋದು ಸುಮಾರು 0.7.

ಅಮೆರಿಕದಲ್ಲಿ ಇಪಿಎ ಅಂತ ಸರ್ಕಾರಿ ಸಂಸ್ಥೆ ಇದೆ. ಅಲ್ಲಿನ ಪರೀಕ್ಷೆಯ ಪಟ್ಟಿ ಬೇರೆ, ಆದ್ರೆ ಅದೂ ಲ್ಯಾಬ್‌ನಲ್ಲೇ. ಬಂದ ಅಂಕಿಯನ್ನ ಸಾಮಾನ್ಯವಾಗಿ 0.7ರಿಂದ ಗುಣಿಸಿ ಆಮೇಲೆ ಗಾಡಿಯ ಸ್ಟಿಕರ್ ಮೇಲೆ ಹಾಕ್ತಾರೆ. ಅಲ್ಲಿ ಸರ್ಕಾರ ಮಾಡೋ ಕಡಿತವನ್ನ ಇಲ್ಲಿ ನಾವೇ ಮಾಡ್ಕೋಬೇಕು, ಅಷ್ಟೇ.

ಮಾಡ್ಕೊಳ್ಳದಿದ್ರೆ ಜಗಳ ಎಲ್ಲಿವರೆಗೆ ಹೋಗುತ್ತೆ ಅನ್ನೋದಕ್ಕೆ ಒಂದು ಉದಾಹರಣೆ. ನೆಕ್ಸಾನ್ ಇವಿಗೆ ಪ್ರಮಾಣಪತ್ರದ ರೇಂಜ್ 312 ಕಿ.ಮೀ. ಇತ್ತು. ಅದರ ಹತ್ತಿರವೂ ಬರ್ತಿಲ್ಲ ಅನ್ನೋ ದೂರಿನ ಮೇಲೆ 2021ರ ಮಾರ್ಚ್‌ನಲ್ಲಿ ದೆಹಲಿ ಸರ್ಕಾರ ಆ ಕಾರಿನ ಸಬ್ಸಿಡಿಯನ್ನೇ ನಿಲ್ಲಿಸ್ತು. ಕಂಪನಿ ಕೋರ್ಟಿಗೆ ಹೋಯ್ತು, ದೆಹಲಿ ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಡ್ತು. ಒಬ್ಬರು ಪ್ರಮಾಣಪತ್ರ ತೋರಿಸ್ತಾರೆ, ಇನ್ನೊಬ್ಬರು ರಸ್ತೆ ತೋರಿಸ್ತಾರೆ. ಜಗಳ ಮುಗಿಯೋದು ಹೇಗೆ?

ಈ 70 ಪೈಸೆ ಬಯಲುಸೀಮೆಯ ಲೆಕ್ಕ. ನಮ್ಮ ಕಡೆ ಇನ್ನೂ ಕಡಿತ ಇದೆ.

ಏರಿನ ಬಾಬ್ತು

ಸ್ಕೂಟರ್ 110 ಕೆ.ಜಿ., ನಾನೂ ಅಮ್ಮನೂ ಸೇರಿ 130. ಒಟ್ಟು 240 ಕೆ.ಜಿ. ಇಷ್ಟು ತೂಕವನ್ನ 100 ಮೀಟರ್ ಎತ್ತರಕ್ಕೆ ಏರಿಸೋಕೆ 65 ವ್ಯಾಟ್ ಅವರ್ ಬೇಕು. ಮೋಟಾರಿನಲ್ಲಿ ಸೋರಿ ಹೋಗೋದೂ ಸೇರಿದ್ರೆ 80 ಹತ್ತಿರ. ಸಮತಟ್ಟಾದ ರಸ್ತೆಯಲ್ಲಿ ಒಂದು ಕಿ.ಮೀ.ಗೆ 35 ವ್ಯಾಟ್ ಅವರ್ ಸಾಕು ಅಂತ ಇಟ್ಕೊಳ್ಳಿ. ಆಗ ಪ್ರತಿ 100 ಮೀಟರ್ ಏರಿಗೆ ರೇಂಜ್‌ನಿಂದ ಎರಡು ಕಿ.ಮೀ.ಗಿಂತ ಜಾಸ್ತಿ ಹೋಯ್ತು.

ಇಲ್ಲೊಂದು ವಿಷಯ ಗಮನಿಸಿ. ಕೊಪ್ಪದ ಎತ್ತರ, ಶೃಂಗೇರಿಯ ಎತ್ತರ ನೋಡಿದ್ರೆ ಅಂಥ ದೊಡ್ಡ ವ್ಯತ್ಯಾಸ ಇಲ್ಲ. ಆದ್ರೆ ಮಧ್ಯದ ರಸ್ತೆ ಗುಡ್ಡ ಹತ್ತಿ ಹಳ್ಳಕ್ಕಿಳಿದು ಮತ್ತೆ ಗುಡ್ಡ ಹತ್ತುತ್ತೆ. ಬ್ಯಾಟರಿ ಪ್ರತಿ ಏರಿಗೂ ಬಿಲ್ ಹಾಕುತ್ತೆ.

"ಇಳಿಯುವಾಗ ವಾಪಸ್ ಬರುತ್ತಲ್ಲ?" ಅಂತ ಕೇಳ್ತೀರಿ. ಬರುತ್ತೆ, ಪೂರ್ತಿ ಬರಲ್ಲ. ಇಳಿಜಾರಿನಲ್ಲಿ ಮೋಟಾರ್ ಜನರೇಟರ್ ಥರ ಕೆಲಸ ಮಾಡಿ ಬ್ಯಾಟರಿಗೆ ಸ್ವಲ್ಪ ತುಂಬುತ್ತೆ. ಕಾರುಗಳಲ್ಲಿ ಇದು ಚೆನ್ನಾಗಿ ಆಗುತ್ತೆ, ಸ್ಕೂಟರ್‌ಗಳಲ್ಲಿ ಕಮ್ಮಿ. ತಿರುವಿನಲ್ಲಿ ಬ್ರೇಕ್ ಹಿಡಿದಾಗ ಹೋದದ್ದು ಬರೀ ಬಿಸಿಯಾಗಿ ಹೋಗುತ್ತೆ.

ಗುಡ್ಡದ ಮೇಲೆ, ಎಸ್ಟೇಟ್ ಒಳಗೆ ಮನೆ ಇರೋರಿಗೆ ಒಂದು ಕಿವಿಮಾತು. ತುಂಬಿದ ಕೊಡಕ್ಕೆ ನೀರು ಹಿಡಿಯಲ್ಲ. ರಾತ್ರಿ 100 ಪರ್ಸೆಂಟ್ ಚಾರ್ಜ್ ಮಾಡಿ ಬೆಳಿಗ್ಗೆ ನೇರ ಇಳಿಜಾರಿಗೆ ಹೊರಟ್ರೆ ಆ ಕರೆಂಟ್ ಹೋಗೋಕೆ ಬ್ಯಾಟರಿಯಲ್ಲಿ ಜಾಗವೇ ಇರಲ್ಲ. ಮೋಟಾರಿನ ಹಿಡಿತವೂ ಕಮ್ಮಿ ಆಗಿ ಎಲ್ಲ ಭಾರ ಬ್ರೇಕ್ ಮೇಲೆ ಬೀಳುತ್ತೆ. ದೂರದ ಪ್ರಯಾಣ ಇಲ್ಲದ ದಿನ 90ಕ್ಕೆ ನಿಲ್ಲಿಸಿದ್ರೆ ಒಳ್ಳೇದು.

ಘಾಟಿಯನ್ನ ಮೀಟರ್ ನೋಡಿಲ್ಲ

ಕಾರಿನವರು ಕೇಳಿಸ್ಕೊಳ್ಳಿ. ಶೃಂಗೇರಿಯಿಂದ ಆಗುಂಬೆ ಮೇಲೆ ಉಡುಪಿಗೆ ಇಳಿಯುವಾಗ ಎಲೆಕ್ಟ್ರಿಕ್ ಕಾರಿನಷ್ಟು ಸುಖ ಇನ್ನೊಂದಿಲ್ಲ. ಹೇರ್‌ಪಿನ್ ತಿರುವುಗಳಲ್ಲಿ ಚಾರ್ಜ್ ಇಳಿಯೋದಿರಲಿ, ಏರುತ್ತೆ. ಮೀಟರ್‌ನಲ್ಲಿ 'ಇನ್ನು ಇಷ್ಟು ಕಿ.ಮೀ. ಹೋಗಬಹುದು' ಅನ್ನೋ ಅಂಕಿ ಜೋರಾಗಿ ಹೆಚ್ಚಿರುತ್ತೆ.

ಆ ಅಂಕಿ ಬಹಳಷ್ಟು ಗಾಡಿಗಳಲ್ಲಿ ನೀವು ಈಗಷ್ಟೇ ಓಡಿಸಿದ ರಸ್ತೆಯ ಆಧಾರದ ಮೇಲೆ ಹಾಕಿದ ಅಂದಾಜು. ಹಿಂದಿನದು ಅದಕ್ಕೆ ಗೊತ್ತು, ಮುಂದಿನದು ಗೊತ್ತಿಲ್ಲ. ವಾಪಸ್ ಬರುವಾಗ ಹೆಬ್ರಿವರೆಗಿನ ಸಲೀಸು ರಸ್ತೆ ನೋಡಿ ಅದು ಧಾರಾಳವಾಗಿ ಹೇಳಿರುತ್ತೆ. ಸೋಮೇಶ್ವರ ದಾಟಿದ ಮೇಲೆ ಶುರು.

ಕಾರು 1,500 ಕೆ.ಜಿ., ಜನ ಮತ್ತು ಲಗೇಜು 300. ಘಾಟಿಯಲ್ಲಿ 500 ಮೀಟರ್ ಏರು ಅಂತ ಲೆಕ್ಕ ಹಾಕಿದ್ರೂ ಎತ್ತೋಕೇ ಸುಮಾರು ಎರಡೂವರೆ ಯೂನಿಟ್, ಸೋರಿಕೆ ಸೇರಿ 3 ಯೂನಿಟ್ ಹತ್ತಿರ. ಒಂದು ಯೂನಿಟ್‌ಗೆ 7 ಕಿ.ಮೀ. ಕೊಡೋ ಕಾರಾದ್ರೆ 20 ಕಿ.ಮೀ. ರೇಂಜ್ ಹೆಚ್ಚುವರಿಯಾಗಿ ಹೋಯ್ತು. ಅಂದ್ರೆ ಹತ್ತು ಕಿ.ಮೀ. ಘಾಟಿ ಹತ್ತಿದ್ರೆ ಮೀಟರ್‌ನಲ್ಲಿ 30 ಇಳಿಯುತ್ತೆ. ಹೋಗುವಾಗ ಇಳಿಜಾರಿನಲ್ಲಿ ಸಿಕ್ಕಿದ್ದು ಒಂದು ಯೂನಿಟ್ ಆಸುಪಾಸು ಮಾತ್ರ. ಕೆರೆಕಟ್ಟೆ, ಎಸ್.ಕೆ. ಬಾರ್ಡರ್ ಮೇಲೆ ಕಾರ್ಕಳಕ್ಕೆ ಹೋಗೋರಿಗೂ ಇದೇ ಕಥೆ. ಹಾಗಾಗಿ ಚಾರ್ಜ್ ಮಾಡೋದಿದ್ರೆ ಘಾಟಿ ಕೆಳಗೇ ಮಾಡಿ. ಮೇಲೆ ಹೋಗಿ ನೋಡೋಣ ಅನ್ಬೇಡಿ.

ಮಳೆ, ಮಂಜು, ಎಸಿ

ಮಳೆಗಾಲದಲ್ಲಿ ಟಯರ್ ನೀರನ್ನ ಸೀಳಿಕೊಂಡು ಹೋಗ್ಬೇಕು, ಅದಕ್ಕೂ ಶಕ್ತಿ ಬೇಕು. ಸ್ಕೂಟರ್ ಮೇಲೆ ರೇನ್‌ಕೋಟ್ ಗಾಳಿಗೆ ಉಬ್ಬಿದ್ರೆ ಅದೊಂದು ಹಾಯಿ ಕಟ್ಟಿದ ಹಾಗೆ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತೆ: 40ರ ಬದಲು 60ರಲ್ಲಿ ಹೋದ್ರೆ ಎರಡೂಕಾಲು ಪಟ್ಟು. ಪರೀಕ್ಷೆಯ ಗರಿಷ್ಠ ವೇಗವೇ 42 ಅಂದೆನಲ್ಲ, ನೆನಪಿದೆಯಾ?

ಕಾರಿನಲ್ಲಿ ಮಳೆಗಾಲಕ್ಕೆ ಸೆಖೆ ಇಲ್ಲದಿದ್ರೂ ಎಸಿ ಬೇಕು. ಇಲ್ಲಾಂದ್ರೆ ಗಾಜಿಗೆ ಮಂಜು ಹಿಡಿಯುತ್ತೆ. ಎಸಿ ಗಂಟೆಗೆ ಒಂದು ಯೂನಿಟ್ ತಿನ್ನುತ್ತೆ ಅಂತ ಇಟ್ಕೊಳ್ಳಿ. ಹೈವೇಯಲ್ಲಿ ಗಂಟೆಗೆ 80 ಹೋಗೋನಿಗೆ ಆ ಒಂದು ಯೂನಿಟ್ 80 ಕಿ.ಮೀ.ಗೆ ಹಂಚಿ ಹೋಗುತ್ತೆ. ನಮ್ಮ ತಿರುವು ರಸ್ತೆಯಲ್ಲಿ ಗಂಟೆಗೆ 30 ಹೋಗೋನಿಗೆ 30 ಕಿ.ಮೀ.ಗೇ ಒಂದು ಯೂನಿಟ್. ನಿಧಾನ ಹೋದ್ರೆ ಉಳಿತಾಯ ಅನ್ನೋದು ಎಸಿ ವಿಷಯದಲ್ಲಿ ಉಲ್ಟಾ.

ಚಳಿ? ನಾರ್ವೆಯಂಥ ದೇಶದಲ್ಲಿ ಹಿಮ ಬಿದ್ದಾಗ ರೇಂಜ್ ಗಣನೀಯವಾಗಿ ಬೀಳುತ್ತೆ. ನಮ್ಮ ಡಿಸೆಂಬರ್ ಬೆಳಗಿನ ಚಳಿಗೆ ಸ್ವಲ್ಪ ಕಮ್ಮಿ ಆಗಬಹುದು, ತಲೆ ಕೆಡಿಸಿಕೊಳ್ಳೋಷ್ಟಲ್ಲ.

ನಿಮ್ಮ ರಸ್ತೆಯ ಲೆಕ್ಕ ನೀವೇ ಬರೆಯಿರಿ

ಆ ರಾತ್ರಿ ಆದ್ಮೇಲೆ ನಾನು ಒಂದು ಪುಸ್ತಕ ಇಟ್ಟಿದ್ದೀನಿ. ಹೊರಡುವಾಗ ಚಾರ್ಜ್ ಎಷ್ಟು, ಬಂದಾಗ ಎಷ್ಟು, ಎಷ್ಟು ಕಿ.ಮೀ., ಒಬ್ಬನೇ ಇದ್ದೆನಾ, ಮಳೆ ಇತ್ತಾ. ಓಡಿದ ಕಿ.ಮೀ.ಯನ್ನ ಖರ್ಚಾದ ಪರ್ಸೆಂಟ್‌ನಿಂದ ಭಾಗಿಸಿದ್ರೆ ಒಂದು ಪರ್ಸೆಂಟ್‌ಗೆ ಎಷ್ಟು ದೂರ ಅಂತ ಸಿಗುತ್ತೆ. ಒಣ ರಸ್ತೆಯಲ್ಲಿ ಒಬ್ಬನೇ ನಿಧಾನ ಹೋದಾಗ ನಮ್ಮ ಗಾಡಿ ಒಂದು ಪರ್ಸೆಂಟ್‌ಗೆ 850 ಮೀಟರ್ ಹತ್ತಿರ ಕೊಡುತ್ತೆ. ಅಮ್ಮ ಹಿಂದೆ ಇದ್ದು ಮಳೆ ಬರ್ತಿದ್ರೆ 670. ಅಂದ್ರೆ ಪೂರ್ತಿ ಚಾರ್ಜ್‌ಗೆ 67 ಕಿ.ಮೀ. ನಾನು ಹೊರಟಿದ್ದು 80ಕ್ಕೆ. ಹರಿಹರಪುರದಲ್ಲಿ ನಿಲ್ಲದೆ ಇನ್ನೆಲ್ಲಿ ನಿಲ್ಲುತ್ತೆ ಪಾಪ?

ಈಗ ಎನ್.ಆರ್.ಪುರದ ಅಕ್ಕನ ಪ್ರಶ್ನೆಗೆ ಬರ್ತೀನಿ. ಶೋರೂಮ್ ಹೇಳಿದ್ದು 120. ಅದಕ್ಕೆ 70 ಪೈಸೆ ಕಡಿತ: 84. ನಮ್ಮ ಏರು, ಮಳೆ, ಹಿಂದೆ ಕೂರೋರಿಗಾಗಿ ಅದರಲ್ಲಿ ಐದನೇ ಒಂದು ಭಾಗ ತೆಗೆಯಿರಿ: 67. ಯಾವತ್ತೂ ಪೂರ್ತಿ ಖಾಲಿ ಮಾಡ್ಬಾರದು, 15 ಪರ್ಸೆಂಟ್ ಉಳಿಸಿ: 57. ನಾಲ್ಕಾರು ವರ್ಷ ಆದ್ಮೇಲೆ ಬ್ಯಾಟರಿಯ ಶಕ್ತಿ ಕುಗ್ಗಿ 80 ಪರ್ಸೆಂಟ್‌ಗೆ ಬಂತು ಅಂದ್ರೆ: ಸುಮಾರು 45.

ನಿಮ್ಮ ಓಡಾಟ ಎಷ್ಟು? 45.

ಅಂದ್ರೆ ತಗೋಬಹುದು ಅಕ್ಕ. ಆದ್ರೆ ದಿನಾ ರಾತ್ರಿ ಚಾರ್ಜ್ ಆಗ್ಲೇಬೇಕು, ತಪ್ಪೋ ಹಾಗಿಲ್ಲ. ಮರ ಬಿದ್ದು ಎರಡು ದಿನ ಕರೆಂಟ್ ಹೋಗೋ ಊರು ನಮ್ದು. ಅದಕ್ಕೇ ಸಾಲಕ್ಕೆ ಸಹಿ ಹಾಕೋ ಮೊದಲು ಎರಡು ಕೆಲಸ ಮಾಡಿ. ಕೊಪ್ಪದಲ್ಲಿ ಕೆಲಸದ ಜಾಗದಲ್ಲಿ ಒಂದು ಪ್ಲಗ್ ಸಿಗುತ್ತಾ ಕೇಳಿ. ಸಿಕ್ಕಿದ್ರೆ ಅರ್ಧ ಚಿಂತೆ ಮುಗೀತು. ಇನ್ನೊಂದು, ಟೆಸ್ಟ್ ರೈಡ್ ಶೋರೂಮ್ ಮುಂದೆ ಒಂದು ಸುತ್ತು ಹಾಕಿ ಮುಗಿಸ್ಬೇಡಿ. ನಿಮ್ಮ ಮನೆ ರಸ್ತೆಗೇ ಒಂದ್ಸಲ ತರಿಸಿ, ಹಿಂದೆ ಒಬ್ಬರನ್ನ ಕೂರಿಸಿ, ಪರ್ಸೆಂಟ್ ಬರೆದಿಟ್ಕೊಳ್ಳಿ. ಎರಡೂ ಆಗಲ್ಲ ಅಂದ್ರೆ ಒಂದು ಮೆಟ್ಟಿಲು ದೊಡ್ಡ ಬ್ಯಾಟರಿ ನೋಡಿ.

ನಾವು ಗಾಡಿ ಮಾರಿಲ್ಲ. ಪೇಟೆ ಕೆಲಸಕ್ಕೆ, ಹತ್ತಿರದ ನೆಂಟರ ಮನೆಗೆ ಈಗಲೂ ಅದೇ. ಪೆಟ್ರೋಲ್ ದುಡ್ಡು ಉಳಿದಿದೆ ಅಂತ ಅಪ್ಪ ಒಪ್ಕೋತಾರೆ. ಕಿಗ್ಗಕ್ಕೆ ಮಾತ್ರ ಅಮ್ಮ ಬಸ್ಸಿನಲ್ಲೇ ಹೋಗ್ತಾರೆ. ಶೃಂಗೇರಿಯಲ್ಲಿ ನೆಂಟರ ಮನೆಯಲ್ಲಿ ಎರಡು ಗಂಟೆ ಚಾರ್ಜಿಗೆ ಹಾಕಿದ್ರೆ ಆರಾಮಾಗಿ ಹೋಗಿ ಬರಬಹುದು ಅಂತ ಪುಸ್ತಕ ತೆಗೆದು ಲೆಕ್ಕ ತೋರಿಸಿದ್ದೀನಿ. "ಮಳೆ ಬಿಡ್ಲಿ, ನೋಡೋಣ" ಅಂದಿದ್ದಾರೆ.

ನಿಮ್ಮ ಗಾಡಿ ನಿಮ್ಮ ರಸ್ತೆಯಲ್ಲಿ ಒಂದು ಪರ್ಸೆಂಟ್‌ಗೆ ಎಷ್ಟು ಮೀಟರ್ ಕೊಡುತ್ತೆ? ಬಾಳೆಹೊನ್ನೂರು, ಜಯಪುರ, ಕಳಸ, ತೀರ್ಥಹಳ್ಳಿ ಕಡೆಯವರೆಲ್ಲ ಬರೆದು ಕಳಿಸಿ. ಎಲ್ಲ ಸೇರಿಸಿ ಮುಂದಿನ ಸಂಚಿಕೆಯಲ್ಲಿ ಓದ್ತೀನಿ. ಅಲ್ಲಿವರೆಗೆ ಹುಷಾರು, ರಸ್ತೆ ಜಾರುತ್ತೆ. ನಮಸ್ಕಾರ.