ಹೂವಿನ ಲಾರಿ ನಿಂತದ್ದೇಕೆ?

ಕೆಲವು ವರ್ಷಗಳ ಹಿಂದಿನ ಮಾತು. ಓಣಂ ಹಬ್ಬಕ್ಕೆ ನಾಲ್ಕೇ ದಿನ ಉಳಿದಿತ್ತು. ಬೆಳಗ್ಗೆ ಆರೂವರೆಗೆ ಹಾಲು ತರಲೆಂದು ಕೈಚೀಲ ಹಿಡಿದು ಹೊರಟ ನಮಗೆ, ಎಡಪ್ಪಳ್ಳಿಯ ಕೂಡುರಸ್ತೆಗೆ ಇತ್ತಕಡೆ ಹಳೆಯದೊಂದು ಲಾರಿ ಮೂತಿ ತೆರೆದುಕೊಂಡು ನಿಂತಿರುವುದು ಕಂಡಿತು. ಎಡಪ್ಪಳ್ಳಿಯಲ್ಲಿ ಲಾರಿ ನಿಲ್ಲುವುದು ಸುದ್ದಿಯೇನಲ್ಲ. ಪನ್ವೇಲಿನಿಂದ ನಮ್ಮ ಮಂಗಳೂರಿನ ಮೇಲೆ ಹಾದುಬರುವ ಹೆದ್ದಾರಿಯೂ, ಸೇಲಂ ಕಡೆಯಿಂದ ತ್ರಿಶೂರಿನ ಮೇಲೆ ಬರುವ ಹೆದ್ದಾರಿಯೂ ಸಂಧಿಸುವುದು ಇಲ್ಲಿಯೇ. ಆದರೆ ಈ ಲಾರಿಯ ಬೆನ್ನ ಮೇಲೆ ಕನ್ನಡದ ಅಕ್ಷರಗಳಿದ್ದವು: ಗುಂಡ್ಲುಪೇಟೆ. ಟಾರ್ಪಾಲಿನ ಸಂದಿಯಿಂದ ಚೆಂಡುಹೂವಿನ ವಾಸನೆ ರಸ್ತೆಯ ತುಂಬ ಹರಡಿತ್ತು.

ಪರಸ್ಥಳದಲ್ಲಿ ನಮ್ಮ ಅಕ್ಷರ ಕಂಡರೆ ಕಾಲು ತಾನಾಗಿ ಅತ್ತ ತಿರುಗುವುದನ್ನು ವಾಚಕರಿಗೆ ನಾವು ವಿವರಿಸಬೇಕಾಗಿಲ್ಲ. “ಏನಪ್ಪಾ, ಏನಾಯಿತು?” ಎಂದೆವು. ಇಂಜಿನ್ನಿನ ಪಕ್ಕ ಕುಕ್ಕರುಗಾಲಿನಲ್ಲಿ ಕುಳಿತಿದ್ದ ಡ್ರೈವರು ತಲೆಯೆತ್ತಿ ನೋಡಿದ. ಕನ್ನಡ ಕೇಳಿ ಅವನ ಕಣ್ಣು ತುಂಬಿದವೆಂದರೆ ಅತಿಶಯವಲ್ಲ; ರಾತ್ರಿಯೆಲ್ಲ ನಿದ್ದೆಗೆಟ್ಟಿದ್ದನಷ್ಟೆ.

“ಪಂಪೇ ಹೋಗ್ಬುಟ್ಟದಂತೆ ಸಾ. ಅಂಗಮಾಲಿ ತಾವ ಒಬ್ರು ಮೆಕ್ಯಾನಿಕ್ ನೋಡುದ್ರು. ಬಿಚ್ಬೇಕು, ಎರಡು ದಿನ ಆಯ್ತದೆ ಅಂದ್ರು. ಎರಡು ದಿನ ಬುಟ್ರೆ ಈ ಹೂವ ದನಾನೂ ಮೂಸಕಿಲ್ಲ ಸಾ.”

ಹಬ್ಬದ ಹತ್ತು ದಿನವೂ ಕೇರಳದ ಅಂಗಳಗಳಲ್ಲಿ ಹೂವಿನ ರಂಗೋಲಿ ಬೀಳುತ್ತದೆ. ಅದಕ್ಕೆ ಬೇಕಾದ ಚೆಂಡುಹೂವು ಬಹುವಾಗಿ ಬರುವುದು ಗುಂಡ್ಲುಪೇಟೆಯ ಹೊಲಗಳಿಂದ. ಬಂಡೀಪುರದ ಕಾಡಿನ ದಾರಿಯನ್ನು 2009ರಿಂದ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಮುಚ್ಚುತ್ತಾರಾದ್ದರಿಂದ, ಸಂಜೆಯೇ ಹೂ ತುಂಬಿ, ಒಂಬತ್ತರೊಳಗೆ ಕಾಡು ದಾಟಿ, ತಾಮರಶ್ಶೇರಿ ಘಾಟಿ ಇಳಿದು, ಬೆಳಗಾಗುವುದರೊಳಗೆ ಎರ್ನಾಕುಳದ ಮಾರುಕಟ್ಟೆ ಸೇರಬೇಕು. ಲಾರಿ ಅವನದೇ, ಸಾಲದ ಮೇಲೆ ಕೊಂಡದ್ದು. ಹೂವು ಮೂರು ಮಂದಿ ರೈತರದು. ಅವರಲ್ಲೊಬ್ಬ ಅವನ ಸ್ವಂತ ಭಾವಮೈದ.

ಇಲ್ಲಿ ನಮ್ಮ ವಿಷಯ ಒಂದು ಮಾತು ಹೇಳಬೇಕಾಗಿದೆ. ಕೇರಳಕ್ಕೆ ಬರುವ ಮುಂಚೆ ನಾವು ಬೆಂಗಳೂರಿನಲ್ಲಿ, ಡೀಸೆಲ್ ಪಂಪು ಮತ್ತು ನಾಜಲ್ಲುಗಳನ್ನು ಪರೀಕ್ಷಿಸುವ ಚಿಕ್ಕದೊಂದು ಅಂಗಡಿಯಲ್ಲಿ ಹನ್ನೊಂದು ವರ್ಷ ಕೈ ಮಸಿ ಮಾಡಿಕೊಂಡವರು. ಅಲ್ಲಿ ಸೇರಿದ ಎರಡನೆಯ ವರ್ಷ ಒಬ್ಬ ಲಾರಿಯವನು “ಪಿಕಪ್ ಇಲ್ಲ” ಎಂದು ಬಂದಾಗ, ಮುಂದೆ ಹಿಂದೆ ನೋಡದೆ ಅವನ ಪಂಪನ್ನು ಬಿಚ್ಚಿ ಹರಡಿದೆವು. ಮೂರು ದಿನ ಹೋಯಿತು, ಅವನ ಹಣವೂ ಹೋಯಿತು. ಕೊನೆಗೆ ನೋಡಿದರೆ ಕಟ್ಟಿಕೊಂಡಿದ್ದುದು ಬರಿಯ ಫಿಲ್ಟರು. ಆತ ಬೈಯಲಿಲ್ಲ, ಬೈದಿದ್ದರೆ ನಾವು ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆವೋ ಏನೋ.

ಪಂಪನ್ನು ರಸ್ತೆಬದಿಯಲ್ಲಿ ಬಿಚ್ಚಬಾರದೆಂದು ಏಕೆ ಹೇಳುತ್ತಾರೆ? ಡೀಸೆಲ್ ಇಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ಗಿಲ್ಲ. ಒಳಗಿನ ಗಾಳಿಯನ್ನು ಅದುಮಿ ಅದುಮಿ ಕೆಂಡದಷ್ಟು ಕಾಯಿಸಿ, ಅದರೊಳಕ್ಕೆ ತೈಲವನ್ನು ಮಂಜಿನಂತೆ ಚಿಮ್ಮಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ರುಡಾಲ್ಫ್ ಡೀಸೆಲ್ ಮಹಾಶಯನ ಇಂಜಿನ್ನು 1897ರಲ್ಲಿ ಓಡಿ ತೋರಿಸಿತಾದರೂ, ತೈಲವನ್ನು ಒಳಕ್ಕೆ ಊದಲು ದೊಡ್ಡದೊಂದು ಗಾಳಿಯಂತ್ರವೇ ಬೇಕಾಗಿತ್ತು. ಅದನ್ನು ಹೊತ್ತು ಲಾರಿ ಓಡುವುದುಂಟೆ? ಜರ್ಮನಿಯ ರಾಬರ್ಟ್ ಬಾಷ್ ಅವರ ಕಾರ್ಖಾನೆ 1927ರಲ್ಲಿ ಅಂಗೈ ಮೇಲೆ ಹೊರಬಹುದಾದ ಪಂಪನ್ನು ಸಾಲುಸಾಲಾಗಿ ತಯಾರಿಸತೊಡಗಿದ ಮೇಲೆಯೇ ಡೀಸೆಲ್ ರಸ್ತೆಗಳಲ್ಲಿ ವ್ಯಾಪಕವಾದದ್ದು. ಅದೇ ಸಂಸ್ಥೆಯ ಭಾರತದ ಶಾಖೆ 1951ರಲ್ಲಿ ಹುಟ್ಟಿದ ಮೈಕೋ. ಬೆಂಗಳೂರಿನ ಆಡುಗೋಡಿಯಲ್ಲಿ ಅದರ ಸೈರನ್ನಿಗೆ ಊಟದ ಹೊತ್ತು ಗೊತ್ತು ಮಾಡಿಕೊಂಡಿದ್ದ ಮನೆಗಳವರು ನಮ್ಮ ಸಂಘದಲ್ಲಿಯೂ ಇರಬಹುದು. 2008ರಲ್ಲಿ ಹೆಸರು ಬಾಷ್ ಎಂದಾದರೂ ಲಾರಿಯವರ ಬಾಯಲ್ಲಿ ಪಂಪೆಂದರೆ ‘ಮೈಕೋ ಪಂಪು’ವೇ.

ಆ ಪಂಪಿನೊಳಗೆ ಪ್ರತಿ ಸಿಲಿಂಡರಿಗೊಂದರಂತೆ ಪುಟ್ಟ ಉಕ್ಕಿನ ದಿಂಡು, ಅದು ಓಡಾಡಲು ಒಂದು ಕೊಳವೆ. ಎರಡರ ನಡುವಣ ಸಂದು ಒಂದು ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಪಾಲು. ತಲೆಗೂದಲಿನ ದಪ್ಪದ ಇಪ್ಪತ್ತರಲ್ಲೊಂದು ಪಾಲೂ ಇಲ್ಲ. ಜೋಡಿಯಾಗಿಯೇ ತಿಕ್ಕಿ ಹೊಂದಿಸಿದ ಇವನ್ನು ಒಂದರದಕ್ಕೆ ಇನ್ನೊಂದನ್ನು ಸೇರಿಸುವಂತಿಲ್ಲ, ಗಂಡಹೆಂಡಿರಿದ್ದ ಹಾಗೆ. ಇಂಜಿನ್ನು ನಿಮಿಷಕ್ಕೆ ಎರಡು ಸಾವಿರ ಸುತ್ತು ತಿರುಗುವಾಗ ಒಂದೊಂದು ದಿಂಡೂ ಸಾವಿರ ಸಲ, ಹೆಚ್ಚೆಂದರೆ ದೊಡ್ಡದೊಂದು ಹನಿಯಷ್ಟು ತೈಲವನ್ನು, ಕಣ್ಣು ಮಿಟುಕಿಸುವುದಕ್ಕೂ ಬಹಳ ಮುಂಚೆ ಕಳುಹಿಸಿ ಮುಗಿಸಬೇಕು. ಇಂಥದನ್ನು ಧೂಳಿನ ರಸ್ತೆಯಲ್ಲಿ ಬಿಚ್ಚಿದರೆ ಇಲ್ಲದ ರೋಗವೂ ಬರುತ್ತದೆ.

ಸರಿ, ಡ್ರೈವರನ್ನು ಕೇಳಿದೆವು: “ಶುರುವಾದದ್ದು ಎಲ್ಲಿ?” ತ್ರಿಶೂರು ದಾಟಿದ ಮೇಲಂತೆ. ಘಾಟಿಯಲ್ಲಿ ಏನೂ ತೊಂದರೆಯಿಲ್ಲ. ತ್ರಿಶೂರಿನ ಹತ್ತಿರ ಕಂಠಮಟ್ಟ ಡೀಸೆಲ್ ತುಂಬಿಸಿದ. ಆಮೇಲೆ ಹದಿನೈದು ಇಪ್ಪತ್ತು ಕಿಲೋಮೀಟರು ಓಡುವುದು, ಉಸಿರು ಕಳೆದುಕೊಳ್ಳುವುದು, ನಿಲ್ಲುವುದು. ಅರ್ಧ ಗಂಟೆ ಬಿಟ್ಟು ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟು! ಹೀಗೆ ನಾಲ್ಕು ಸಲ. “ಸೀಮೆಣ್ಣೆ ಬೆರ್ಸಿ ಕೊಟ್ಬುಟ್ರಾ ಸಾ?” ಎಂದು ಅವನಿಗೆ ಅನುಮಾನ.

ನಮಗೆ ಆ ‘ಅರ್ಧ ಗಂಟೆ’ ಎಂಬ ಮಾತು ಕಿವಿಯಲ್ಲಿ ನಿಂತಿತು. ಸವೆದ ಪಂಪು ವಿಶ್ರಾಂತಿ ಪಡೆದು ಗುಣವಾಗುವುದಿಲ್ಲ. ಸೀಮೆಣ್ಣೆ ಬೆರೆತ ಡೀಸೆಲಾದರೂ ಹಾಗೆ ನಿಲ್ಲಿಸುವುದಿಲ್ಲ. ಅದರಲ್ಲಿ ಜಿಡ್ಡು ಕಡಿಮೆಯಾದ್ದರಿಂದ ದಿಂಡನ್ನು ತಿಂಗಳುಗಟ್ಟಲೆ ನಿಧಾನವಾಗಿ ತಿನ್ನುತ್ತದೆ.

ಫಿಲ್ಟರಿನ ತಳದ ತಿರುಪು ಸಡಿಲಿಸಿ ನೋಡಿದೆವು. ನೀರಿಲ್ಲ, ಕಸವಿಲ್ಲ. ಫೀಡ್ ಪಂಪಿನ ಮೇಲಿನ ಕೈಗುಂಡಿಯನ್ನು ಎತ್ತಿದರೆ ಮಾತ್ರ ಯಾರೋ ಕೆಳಗಿನಿಂದ ಹಿಡಿದೆಳೆಯುತ್ತಿದ್ದಂತೆ ಬಿಗಿ. ಕ್ಲೀನರ್ ಹುಡುಗನ ಬಳಿ ಐದು ಲೀಟರಿನ ಕ್ಯಾನಿನಲ್ಲಿ ಒಳ್ಳೆಯ ಡೀಸೆಲಿತ್ತು. ಟ್ಯಾಂಕಿನಿಂದ ಬರುವ ಕೊಳವೆಯನ್ನು ಫೀಡ್ ಪಂಪಿನಿಂದ ಕಳಚಿ, ಆ ಜಾಗಕ್ಕೆ ರಬ್ಬರ್ ಕೊಳವೆಯೊಂದನ್ನು ಸೇರಿಸಿ, ಇನ್ನೊಂದು ತುದಿಯನ್ನು ಕ್ಯಾನಿನಲ್ಲಿ ಮುಳುಗಿಸಿದೆವು. ಏರ್ ತೆಗೆದು ಸ್ಟಾರ್ಟ್ ಮಾಡಿದರೆ ಇಪ್ಪತ್ತೈದು ನಿಮಿಷ, ಜೋರಾಗಿ ಓಡಿಸಿದರೂ, ಇಂಜಿನ್ನು ಕೆಮ್ಮಲಿಲ್ಲ. ಪಂಪು, ನಾಜಲ್ಲು, ಫಿಲ್ಟರು ಎಲ್ಲವೂ ನಿರಪರಾಧಿಗಳೆಂದಾಯಿತು. ಕಳ್ಳನಿರುವುದು ಟ್ಯಾಂಕಿನ ಕಡೆ.

ಹಳೆಯ ಕೊಳವೆಯನ್ನು ಮತ್ತೆ ಜೋಡಿಸಿ ಇಂಜಿನ್ನನ್ನು ಏರಿಸಿ ಬಿಟ್ಟು, ಕೊಳವೆಯುದ್ದಕ್ಕೂ ಬೆರಳಾಡಿಸುತ್ತ ಚಾಸಿಯ ಕೆಳಗೆ ತೂರಿದೆವು. ಎಲ್ಲಿಯೂ ನಜ್ಜಿಲ್ಲ. ಅಷ್ಟರಲ್ಲಿ ಇಂಜಿನ್ನಿನ ಸದ್ದು ಕುಗ್ಗತೊಡಗಿತು, ಆಗ ಕ್ಲೀನರ್ ಹುಡುಗನೇ ಕೂಗಿಕೊಂಡ: “ಅಣ್ಣೋ, ಕವರು ಒಳಿಕ್ಕೆ ಹೋಯ್ತಾ ಅದೆ!”

ಡೀಸೆಲ್ ತುಂಬಿಸಿದ ಕಡೆ, ನಡುರಾತ್ರಿಯ ಅವಸರದಲ್ಲಿ, ಟ್ಯಾಂಕಿನ ಮುಚ್ಚಳವನ್ನು ಅಲ್ಲಿಯೇ ಮರೆತು ಬಂದಿದ್ದರು. ಮಳೆನೀರು ಇಳಿಯದಿರಲೆಂದು ಬಾಯಿಗೆ ದಪ್ಪನೆಯ ಪ್ಲಾಸ್ಟಿಕ್ ಹಾಳೆ ಹೊದಿಸಿ, ಟ್ಯೂಬಿನ ಪಟ್ಟಿಯಿಂದ ಉಪ್ಪಿನಕಾಯಿ ಭರಣಿಯಂತೆ ಬಿಗಿದಿದ್ದ ಆ ಹುಡುಗ. ಅವನ ಕೆಲಸ ಅಚ್ಚುಕಟ್ಟು, ಅದೇ ತಪ್ಪಾದದ್ದು. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿ ಆಡಲು ಸಣ್ಣ ದಾರಿ ಇರುತ್ತದೆ. ತೈಲ ಹೋದಷ್ಟು ಗಾಳಿ ಒಳಬರದಿದ್ದರೆ ಟ್ಯಾಂಕು ತೈಲವನ್ನು ಹಿಂದಕ್ಕೆ ಹಿಡಿದುಕೊಳ್ಳುತ್ತದೆ. ಕಂಠಮಟ್ಟ ತುಂಬಿಸಿದ್ದರಿಂದ ಮೇಲೆ ಗಾಳಿಗೆ ಜಾಗವೂ ಸ್ವಲ್ಪವೇ, ಬಿಗಿತ ಬೇಗ ಬಂತು. ಅರ್ಧ ಗಂಟೆ ನಿಂತರೆ ಎಲ್ಲೆಲ್ಲಿಂದಲೋ ಗಾಳಿ ಸೋರಿ ಸರಿಹೋಗುತ್ತಿತ್ತು. ಹಾಳೆ ಬಟ್ಟಲಿನಂತೆ ಒಳಕ್ಕೆ ಗುಳಿಬಿದ್ದಿತ್ತು. ಪಟ್ಟಿ ಬಿಚ್ಚುತ್ತಲೇ ‘ಸುಂಯ್’ ಎಂದು ಟ್ಯಾಂಕು ಉಸಿರೆಳೆದುಕೊಂಡಿತು. ಇಂಜಿನ್ನಿನ ಸದ್ದು ಏರಿತು.

ಬಾಯಿಗೆ ಬಟ್ಟೆಯನ್ನು ಸಡಿಲವಾಗಿ ಕಟ್ಟಿಸಿ, ಸ್ಪೇರ್ ಪಾರ್ಟ್ಸ್ ಅಂಗಡಿ ತೆರೆದೊಡನೆ ಸರಿಯಾದ ಮುಚ್ಚಳ ಕೊಳ್ಳುವಂತೆ ಹೇಳಿ ಕಳುಹಿಸಿದೆವು. ಗಂಟೆ ಎಂಟು ದಾಟಿತ್ತು. ಮೊದಲ ದರ ಕೈತಪ್ಪಿದರೂ ಹೂವು ಮಾರಿಹೋಯಿತೆಂದು ಮಧ್ಯಾಹ್ನ ಫೋನು ಬಂತು.

ನಮ್ಮವರಲ್ಲಿ ಹಳೆಯ ಡೀಸೆಲ್ ಗಾಡಿ ಇಟ್ಟುಕೊಂಡವರು ಉಂಟಾದ್ದರಿಂದ ಇನ್ನೆರಡು ಮಾತು. ಇಂಜಿನ್ನು ಒಂದು ಕಾಲು ಕುಂಟುವಂತೆ ಓಡಿದರೆ, ನಿಧಾನಗತಿಯಲ್ಲಿ ಒಂದೊಂದೇ ನಾಜಲ್ಲಿಗೆ ಹೋಗುವ ಕೊಳವೆಯ ನಟ್ಟನ್ನು ಪಂಪಿನ ಕಡೆ ಸ್ವಲ್ಪ ಸಡಿಲಿಸಿ, ಮತ್ತೆ ಬಿಗಿಯಬೇಕು. ಸಡಿಲಿಸಿದಾಗ ಸದ್ದು ಕುಗ್ಗಿದರೆ ಆ ಸಿಲಿಂಡರು ದುಡಿಯುತ್ತಿದೆ. ಏನೂ ವ್ಯತ್ಯಾಸವಾಗದಿದ್ದರೆ ಸೋಮಾರಿ ಅದೇ. ಕಪ್ಪು ಹೊಗೆಗೆ ಮೊದಲು ಏರ್ ಫಿಲ್ಟರನ್ನು ನೋಡಿ, ಆಮೇಲೆ ನಾಜಲ್ಲನ್ನು. ನೀಲಿ ಹೊಗೆ ಇಂಜಿನ್ ಆಯಿಲ್ ಸುಡುವುದರ ಗುರುತು, ಪಂಪಿಗೆ ಸಂಬಂಧವಿಲ್ಲ. ನಾಜಲ್ಲು ಚಿಮ್ಮುವಾಗ ಮಾತ್ರ ಕೈ ಅಡ್ಡ ಹಿಡಿಯಬೇಡಿ, ಸೋರಿಕೆಯನ್ನು ಬೆರಳಿನಿಂದ ಹುಡುಕಬೇಡಿ. ತೈಲ ಚರ್ಮವನ್ನು ತೂರಿ ಒಳಸೇರುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಕಂಡರೂ ತಡಮಾಡದೆ ಆಸ್ಪತ್ರೆಗೆ ಓಡಬೇಕು. ತಡವಾಗಿ ಬೆರಳು ಕಳೆದುಕೊಂಡವರುಂಟು. 2020ರ ಏಪ್ರಿಲಿನಿಂದ ಈಚೆಗೆ ಬಂದಿರುವ ಹೊಸ ಗಾಡಿಗಳಲ್ಲಿ ಒತ್ತಡ ಇನ್ನೂ ಬಹುಪಾಲು ಹೆಚ್ಚು, ಆಳ್ವಿಕೆ ಕಂಪ್ಯೂಟರಿನದು. ಅವುಗಳ ತಂಟೆಗೆ ನಮ್ಮಂಥವರು ಹೋಗುವುದಿಲ್ಲ.

ಅಂದು ಹಾಲಿಲ್ಲದೆ, ಮಸಿ ಮೆತ್ತಿದ ಅಂಗಿಯಲ್ಲಿ ಒಂಬತ್ತು ಗಂಟೆಗೆ ಮನೆ ಸೇರಿದಾಗ ನಮ್ಮ ಮನೆಯವರು ಬಾಗಿಲಲ್ಲೇ ನಿಂತಿದ್ದರು. ಕೈಚೀಲದ ತುಂಬ ಚೆಂಡುಹೂವು ಕಂಡಮೇಲೆ ಕಾಫಿಯ ವಿಷಯ ಎತ್ತಲಿಲ್ಲ. ಪಕ್ಕದ ಮನೆಯ ಮಲಯಾಳಿ ಮಕ್ಕಳನ್ನು ಕೂಗಿ, ಅರ್ಧ ಹೂವನ್ನು ಅವರ ಬುಟ್ಟಿಗೆ ಸುರಿದರು.