ಕಂಕನಾಡಿಯ ಆಲದ ಮರ ಮತ್ತು ಕ್ಷಮೆ

ಕಾಯಿಲೆ ಬಂದವರನ್ನು ಪಾಪಿ ಅನ್ನಬಹುದಾ?

ಒಂದು ಕಾಲಕ್ಕೆ ಕುಷ್ಠ ಬಂದವರನ್ನ ಹಾಗೇ ಅಂತಿದ್ರು.
ದೇವರ ಶಾಪ, ಹಿಂದಿನ ಜನ್ಮದ ಕರ್ಮ...
ನೆಪ ಯಾವುದಾದ್ರೇನು, ಊರಿಂದ ಹೊರಗೆ.

ಆ ಕಾಲದಲ್ಲಿ ಮಂಗಳೂರಿನ ಕಂಕನಾಡಿಗೆ ಬಂದವರು
ಜರ್ಮನಿಯ ಜೆಸ್ವಿಟ್ ಪಾದ್ರಿ,
ಫಾದರ್ ಆಗಸ್ಟಸ್ ಮುಲ್ಲರ್.

1880.
ಆಲದ ಮರದ ಕೆಳಗೆ
ಬಡವರಿಗೆ ಹೋಮಿಯೋಪಥಿ ಮದ್ದು.
1890.
ಕುಷ್ಠರೋಗಿಗಳಿಗಾಗಿಯೇ ಒಂದು ಆಸ್ಪತ್ರೆ.
ಹೌದು, ಇವತ್ತು ನೀವು ನೋಡೋ
ಫಾದರ್ ಮುಲ್ಲರ್ ಆಸ್ಪತ್ರೆ ಬೆಳೆದದ್ದು ಹೀಗೆ.

ಅವರಿಗೆ ಈ ಧೈರ್ಯ ಎಲ್ಲಿಂದ?
ಶುಭಸಂದೇಶ ಓದಿ ನೋಡಿ.
ಕುಷ್ಠರೋಗಿ ಎದುರು ಬಂದಾಗ
ಯೇಸು ದೂರ ನಿಂತು ಮಾತಾಡಲಿಲ್ಲ.
ಕೈ ಚಾಚಿ ಮುಟ್ಟಿದರು.
ಗುಣ ಆಗಿದ್ದು ಆಮೇಲೆ!

ಕ್ಷಮೆಯೂ ಹಾಗೇ.
ಯೇಸು ಹೇಳಿದ ಕಥೆಯಲ್ಲಿ, ಆಸ್ತಿ ಹಾಳುಮಾಡಿ ಮರಳಿ ಬಂದ
ದುಂದುಗಾರ ಮಗ ಬಾಯಿ ತೆರೆಯೋ ಮೊದಲೇ
ಅಪ್ಪ ಓಡಿ ಬಂದು ತಬ್ಬಿಕೊಳ್ತಾನೆ.
ಇಲ್ಲಿನ ಕಥೊಲಿಕರು ಕುಮ್ಸಾರಿಗೆ,
ಅಂದ್ರೆ ಪಾದ್ರಿಯ ಮುಂದೆ ಪಾಪ ಒಪ್ಪಿಕೊಳ್ಳೋಕೆ, ಹೋಗೋದು
ಇದೇ ನಂಬಿಕೆಯಲ್ಲಿ.

ಅಲ್ಲಿ ಸಿಗೋದು,
ಅಂಗಡಿಯವರು ಸಾಲದ ಪುಸ್ತಕದಿಂದ
ನಮ್ಮ ಹಾಳೆಯನ್ನೇ ಹರಿದು ಹಾಕಿದ ಹಾಗೆ.
"ಮುಂದಿನ ತಿಂಗಳು ನೋಡೋಣ" ಅಲ್ಲ.
ಬಾಕಿ ಸೊನ್ನೆ.

ಕಷ್ಟ ಶುರುವಾಗೋದು ಮನೆಗೆ ಬಂದ ಮೇಲೆ.
ಯಾಕಂದ್ರೆ ನಮ್ಮ ಹತ್ರಾನೂ ಒಂದು ಪುಸ್ತಕ ಇದೆ.
ಜಾಗದ ತಕರಾರು ಮಾಡಿದ ಅಣ್ಣ,
ಮದುವೆಗೆ ಕರೆಯದ ಚಿಕ್ಕಮ್ಮ,
ಎಲ್ಲಾ ತಾರೀಕು ಸಮೇತ!

ಯೇಸು ಕಲಿಸಿದ ಪ್ರಾರ್ಥನೆಯಲ್ಲಿ
ನಾವು ಬೇಡೋ ಕ್ಷಮೆ, ನಾವು ಕೊಡೋ ಕ್ಷಮೆ
ಎರಡೂ ಒಂದೇ ಉಸಿರಲ್ಲಿ ಬರುತ್ತೆ.
ಬಾಯಿಪಾಠ ಸುಲಭ ಬಿಡಿ.

ಹಾಗಾಗಿ ಒಂದು ಕೆಲಸ.
ಮಾತು ಬಿಟ್ಟವರು ಯಾರಾದ್ರೂ ಇದ್ರೆ,
ಈ ಭಾನುವಾರ ಪೂಜೆಗೆ ಹೋಗೋ ಮೊದಲು
ಒಂದು ಫೋನ್ ಮಾಡಿ.