ಕರೆಂಟ್ ಬೇಡದ ನೀರು: ಹಂಪಿ–ಕಂಪ್ಲಿ ಸೀಮೆಯ ವಿಜಯನಗರ ಕಾಲುವೆಗಳು

ಹಂಪಿಗೆ ಹೋಗುವ ಜೈನ ಕುಟುಂಬಗಳು ಕಮಲಾಪುರದಿಂದ ಕಂಪ್ಲಿಗೆ ಹೋಗುವ ರಸ್ತೆಯಲ್ಲಿರುವ ಗಾಣಗಿತ್ತಿ ಬಸದಿಯನ್ನು ತಪ್ಪದೆ ನೋಡುತ್ತವೆ. ಎರಡನೆಯ ಹರಿಹರನ ದಂಡನಾಯಕನಾಗಿದ್ದ ಇರುಗಪ್ಪ, ಶಕ ವರ್ಷ 1307ರಲ್ಲಿ, ಅಂದರೆ ಕ್ರಿ.ಶ. 1385–86ರಲ್ಲಿ, ಹದಿನೇಳನೆಯ ತೀರ್ಥಂಕರ ಕುಂಥುನಾಥ ಸ್ವಾಮಿಗಾಗಿ ಕಲ್ಲಿನಲ್ಲಿ ಕಟ್ಟಿಸಿದ ಚೈತ್ಯಾಲಯ ಇದು. ಎದುರಿನ ಕಂಬದ ಮೇಲಿನ ಶಾಸನವೇ ಈ ವಿವರ ಹೇಳುತ್ತದೆ. (ಗಾಣಗಿತ್ತಿ ಎಂಬುದು ಬಹಳ ತಡವಾಗಿ ಜನರ ಬಾಯಲ್ಲಿ ಬಂದ ಹೆಸರು, ಶಾಸನದಲ್ಲಿ ಅದಿಲ್ಲ.) ಬಸದಿ ನೋಡಿ ಮುಂದೆ ಸಾಗುವಾಗ ರಸ್ತೆಯ ಬದಿಯ ಬಾಳೆತೋಟ, ಕಬ್ಬು, ಭತ್ತದ ಗದ್ದೆಗಳನ್ನು ಕಂಡವರಲ್ಲಿ ಹೆಚ್ಚಿನವರು ಅದು ತುಂಗಭದ್ರಾ ಡ್ಯಾಮಿನ ಕೃಪೆ ಎಂದುಕೊಳ್ಳುತ್ತಾರೆ. ಅದು ಅರ್ಧ ನಿಜ ಮಾತ್ರ. ಆ ಹಸಿರಿನ ಒಂದು ಭಾಗಕ್ಕೆ ನೀರು ಬರುತ್ತಿರುವುದು ಬಸದಿಯಷ್ಟೇ ಹಳೆಯದಾದ ಕಾಲದ ಏರ್ಪಾಡಿನಿಂದ.

ಪರಿಸರಸ್ನೇಹಿ ನಗರ, ಶುದ್ಧ ತಂತ್ರಜ್ಞಾನ ಎಂಬ ಮಾತುಗಳು ಬಂದಾಗ ಸೋಲಾರ್ ಫಲಕ, ಎಲೆಕ್ಟ್ರಿಕ್ ಬಸ್ಸು ನೆನಪಾಗುತ್ತವೆ. ಆದರೆ ಇಂಧನವಿಲ್ಲದೆ, ಪಂಪಿಲ್ಲದೆ ಒಂದು ಮಹಾನಗರಕ್ಕೆ ನೀರುಣಿಸಿ, ಆ ನಗರ ಹಾಳಾದ ಮೇಲೂ ನಾಲ್ಕೂವರೆ ಶತಮಾನದಿಂದ ಹರಿಯುತ್ತಲೇ ಇರುವ ವ್ಯವಸ್ಥೆಯೊಂದು ಇದೇ ಸೀಮೆಯಲ್ಲಿದೆ.

ಅಣೆಕಟ್ಟೆ ಕೆಲಸ ಮಾಡುವ ರೀತಿ

ಹೊಸಪೇಟೆ–ಕಂಪ್ಲಿ ಭಾಗ ಮಳೆ ಕಡಿಮೆ ಬೀಳುವ ಬಯಲುಸೀಮೆ. ಬಂಡೆಗುಡ್ಡಗಳ ನಡುವೆ ರಾಜಧಾನಿ ಕಟ್ಟಿದವರಿಗೆ ಶತ್ರುವಿನಿಂದ ರಕ್ಷಣೆ ಸಿಕ್ಕಿತು, ನೀರು ಸಿಗಲಿಲ್ಲ. ನದಿ ಪಕ್ಕದಲ್ಲೇ ಇದ್ದರೂ ತಗ್ಗಿನಲ್ಲಿ ಹರಿಯುತ್ತಿತ್ತು. ನೀರನ್ನು ಎತ್ತುವ ಬದಲು, ನದಿಯ ಮೇಲ್ಭಾಗದಲ್ಲೇ ಅದನ್ನು ತಿರುಗಿಸಿಕೊಂಡು, ಭೂಮಿಯ ಮಟ್ಟ ನೋಡಿಕೊಂಡು ಅಲ್ಪ ಇಳಿಜಾರಿನಲ್ಲಿ ಕಾಲುವೆ ಒಯ್ಯುವುದು ಅವರು ಕಂಡುಕೊಂಡ ದಾರಿ. ನದಿ ಬೇಗ ಇಳಿಯುತ್ತದೆ, ಕಾಲುವೆ ನಿಧಾನ ಇಳಿಯುತ್ತದೆ. ಕೆಲವು ಕಿಲೋಮೀಟರ್ ಹೋಗುವಷ್ಟರಲ್ಲಿ ಕಾಲುವೆ ನದಿಗಿಂತ ಎತ್ತರದಲ್ಲಿರುತ್ತದೆ. ಅಲ್ಲಿಂದ ಕೆಳಗಿನ ಹೊಲಕ್ಕೆ ನೀರು ತಾನೇ ಇಳಿಯುತ್ತದೆ. ಇಷ್ಟೇ ಇದರ ಗುಟ್ಟು.

ತಿರುಗಿಸಲು ಕಟ್ಟಿದ ಒಡ್ಡುಗಳನ್ನು ನೋಡಿದರೆ ಇವನ್ನು ಎಂಜಿನಿಯರು ಕಟ್ಟಿದರೋ ನದಿಯೇ ಕಟ್ಟಿಕೊಂಡಿತೋ ಎಂಬ ಅನುಮಾನ ಬರುತ್ತದೆ. ತುಂಗಭದ್ರೆಯ ಪಾತ್ರದಲ್ಲಿ ಮೊದಲೇ ಇದ್ದ ದೊಡ್ಡ ಬಂಡೆಗಳನ್ನು ಆಧಾರ ಮಾಡಿಕೊಂಡು, ನಡುವಿನ ಸಂದುಗಳಿಗೆ ಭಾರಿ ಕಲ್ಲುಗಳನ್ನು ಜೋಡಿಸಿದ್ದಾರೆ. ಹೀಗಾಗಿ ಒಡ್ಡು ನೇರವಾಗಿರುವುದಿಲ್ಲ. ಬಂಡೆ ಎಲ್ಲಿದೆಯೋ ಅಲ್ಲಿಗೆ ಅಂಕುಡೊಂಕಾಗಿ ಹೋಗುತ್ತದೆ. ಬಹುಪಾಲು ಗಾರೆಯಿಲ್ಲದ ಕಟ್ಟಡ. ಸ್ವಲ್ಪ ನೀರು ಸೋರುತ್ತದೆ, ಪ್ರವಾಹ ಬಂದರೆ ಮೇಲಿಂದ ಹಾರಿ ಹೋಗುತ್ತದೆ, ಹೂಳನ್ನೂ ಜೊತೆಗೆ ಒಯ್ಯುತ್ತದೆ. ಒಂದೆರಡು ಕಲ್ಲು ಉರುಳಿದರೆ ನೀರು ಇಳಿದ ಮೇಲೆ ಮತ್ತೆ ಇಟ್ಟರಾಯಿತು.

ಹೋಲಿಕೆಗೆ ಮೇಲಿನ ದೊಡ್ಡ ಡ್ಯಾಮನ್ನೇ ನೋಡಬಹುದು. 1953ರಲ್ಲಿ ನೀರು ನಿಲ್ಲಿಸಲು ಆರಂಭಿಸಿದಾಗ ತುಂಗಭದ್ರಾ ಜಲಾಶಯದ ಸಾಮರ್ಥ್ಯ ಸುಮಾರು 133 ಟಿಎಂಸಿ. ಹೂಳು ತುಂಬಿ ಈಗ ಲೆಕ್ಕಕ್ಕೆ ಸಿಗುವುದು 105.788 ಟಿಎಂಸಿ. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳಲ್ಲಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋದಾಗ, ತಾತ್ಕಾಲಿಕ ಗೇಟು ಕೂರುವವರೆಗೆ ನದಿಗೆ ಹರಿದ ನೀರನ್ನು ಕಂಡು ಇಡೀ ಕಲ್ಯಾಣ ಕರ್ನಾಟಕದ ಅಚ್ಚುಕಟ್ಟು ಉಸಿರು ಬಿಗಿಹಿಡಿದಿತ್ತು. ಇದನ್ನು ಹೇಳುವುದು ಡ್ಯಾಮ್ ಬೇಡವೆಂದಲ್ಲ. ಹಳೆಯ ಒಡ್ಡು ಸಾವಿರಾರು ಎಕರೆಗೆ ನೀರು ಕೊಟ್ಟರೆ ಡ್ಯಾಮ್ ಲಕ್ಷಾಂತರ ಎಕರೆಗೆ ಕೊಡುತ್ತದೆ; ಬೇಸಿಗೆಗೆ ಕೂಡಿಡುವ ಶಕ್ತಿ ಒಡ್ಡಿಗಿಲ್ಲ. ಈಗ ಹಳೆಯ ಕಾಲುವೆಗಳೂ ಡ್ಯಾಮ್ ಬಿಡುವ ನೀರನ್ನೇ ನಂಬಿವೆ. ರಾಯ ಮತ್ತು ಬಸವಣ್ಣ ಕಾಲುವೆಗಳಿಗೆ ನೀರು ತಿರುಗಿಸುತ್ತಿದ್ದ ವಲ್ಲಭಾಪುರದ ಒಡ್ಡು ಜಲಾಶಯದಲ್ಲೇ ಮುಳುಗಿದ್ದರಿಂದ ಅವೆರಡೂ ನೇರವಾಗಿ ಡ್ಯಾಮಿನಿಂದ ಹೊರಡುತ್ತವೆ.

ರಾಯ, ಬಸವಣ್ಣ, ಬೆಲ್ಲ, ಕಾಳಘಟ್ಟ, ತುರ್ತು, ರಾಮಸಾಗರ, ಕಂಪ್ಲಿ, ಬೆಳಗೋಡುಹಾಳು, ಸಿರುಗುಪ್ಪ, ದೇಶನೂರು ಇವು ಬಲದಂಡೆಯ ಕಡೆಯವು. ಹುಲಿಗಿ, ಶಿವಪುರ, ಆನೆಗುಂದಿ, ಗಂಗಾವತಿಯ ಮೇಲಿನ ಮತ್ತು ಕೆಳಗಿನ ಕಾಲುವೆಗಳು ಎಡದಂಡೆಗೆ ಸೇರುತ್ತವೆ. ಒಟ್ಟು 16 ಕಾಲುವೆಗಳು, 25,000 ಎಕರೆಗೂ ಮಿಕ್ಕ ಅಚ್ಚುಕಟ್ಟು. ಎಮ್ಮಿಗನೂರು, ಕಂಪ್ಲಿ, ಸಿರುಗುಪ್ಪದ ಭತ್ತದ ಸೀಮೆಗೆ ಹೆಸರು ಬಂದದ್ದು ಡ್ಯಾಮಿನ ಕಾಲುವೆಗಳು ಬಂದ ಮೇಲೆ ಎಂಬುದು ನಿಜ. ಆದರೆ ನೀರಾವರಿ ಬೇಸಾಯದ ರೂಢಿ ಈ ನೆಲಕ್ಕೆ ಅದಕ್ಕಿಂತ ಬಹಳ ಹಿಂದಿನಿಂದಲೂ ಇತ್ತು.

ಊರೊಳಗಿನ ನೀರು

ನಗರದೊಳಗೆ ಲೆಕ್ಕ ಇನ್ನೂ ಸೂಕ್ಷ್ಮ. ಗುಡ್ಡಗಳ ನಡುವಿನ ಕಣಿವೆಯನ್ನು ಮನೆ ಕಟ್ಟಲು ಬಿಡದೆ ಬೇಸಾಯಕ್ಕೇ ಉಳಿಸಿದರು. ಒಂದು ಕಡೆ ವಿರೂಪಾಕ್ಷ ದೇವಾಲಯದ ಪ್ರದೇಶ, ಇನ್ನೊಂದು ಕಡೆ ಅರಮನೆಯ ಆವರಣ, ನಡುವೆ ತುರ್ತು ಕಾಲುವೆಯ ಗದ್ದೆಗಳು. ರಾಜಧಾನಿಯ ಒಡಲಲ್ಲೇ ಆಹಾರ ಬೆಳೆಯುವ ನೆಲ! ಇಂದಿನ ನಗರ ಯೋಜನೆಯವರು ಹಸಿರು ಪಟ್ಟಿ ಎಂದು ನಕ್ಷೆಯಲ್ಲಿ ಬಣ್ಣ ಹಚ್ಚಿ, ಹತ್ತು ವರ್ಷದಲ್ಲಿ ಬಡಾವಣೆ ಮಾಡಿಬಿಡುವುದನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ. ಅರಮನೆ ಆವರಣಕ್ಕೆ ಕಲ್ಲುಕಂಬಗಳ ಮೇಲೆ ಕಲ್ಲಿನ ದೋಣಿಗಳನ್ನು ಸಾಲಾಗಿಟ್ಟು ನೀರು ತಂದರು. ನೆಲದಡಿಯಲ್ಲಿ ಸುಟ್ಟ ಮಣ್ಣಿನ ಕೊಳವೆಗಳನ್ನು ಗಾರೆಯಲ್ಲಿ ಕೂರಿಸಿದರು. 1980ರ ದಶಕದ ಉತ್ಖನನದಲ್ಲಿ ಸಿಕ್ಕ ಮೆಟ್ಟಿಲು ಪುಷ್ಕರಣಿಗೂ ಇಂಥದೇ ಕಲ್ಲುದೋಣಿಯ ಸಾಲು ನೀರು ತರುತ್ತಿತ್ತು.

ಕೃಷ್ಣದೇವರಾಯನ ಕಾಲದಲ್ಲಿ ಈ ಕೆಲಸಕ್ಕೆ ಮತ್ತೆ ಬಿರುಸು ಬಂತು. ಬಸವಣ್ಣ ಕಾಲುವೆಯನ್ನು 1521ರದ್ದೆಂದು ಹೇಳಲಾಗುತ್ತದೆ. ಆಗ ನಾಗಲಾಪುರ ಎನಿಸಿಕೊಂಡಿದ್ದ ಇಂದಿನ ಹೊಸಪೇಟೆಯ ಬಳಿ ದೊಡ್ಡ ಕೆರೆ ಕಟ್ಟಲು ರಾಯನು ಗೋವೆಯಿಂದ ಜೋವಾ ದೆಲ್ಲಾ ಪೊಂಟೆ ಎಂಬ ಪೋರ್ಚುಗೀಸ್ ಕುಶಲಿಯನ್ನು ಕರೆಸಿಕೊಂಡನೆಂದೂ, ಕೆರೆಯ ಕೆಳಗಿನ ಭೂಮಿಗೆ ಮೊದಲ 9 ವರ್ಷ ಕಂದಾಯ ಬಿಟ್ಟನೆಂದೂ ನೂನಿಜ್ ಬರೆದಿದ್ದಾನೆ. ಅಂದರೆ ಹೊಸ ನೀರಾವರಿಗೆ ರಿಯಾಯಿತಿ ಕೊಡುವ ಪದ್ಧತಿ ಹೊಸದೇನಲ್ಲ.

ಈ ಕಥೆಯ ಇನ್ನೊಂದು ಮುಖವನ್ನು ಮುಚ್ಚಿಡುವಂತಿಲ್ಲ. ಸುಮಾರು 1520ರಲ್ಲಿ ಇಲ್ಲಿಗೆ ಬಂದಿದ್ದ ಡೊಮಿಂಗೊ ಪಯಸ್, ಕೆರೆಯ ಕೆಲಸದಲ್ಲಿ ಹದಿನೈದು–ಇಪ್ಪತ್ತು ಸಾವಿರ ಜನ ಇರುವೆಗಳಂತೆ ತುಂಬಿದ್ದರೆಂದೂ, ಏರಿ ಮತ್ತೆ ಮತ್ತೆ ಒಡೆದಾಗ 60 ಮನುಷ್ಯರನ್ನೂ ಕುದುರೆ, ಕೋಣಗಳನ್ನೂ ಬಲಿ ಕೊಡಲಾಯಿತೆಂದೂ ಬರೆಯುತ್ತಾನೆ. ವಿದೇಶಿ ಪ್ರವಾಸಿಗಳ ಮಾತನ್ನು ಪೂರ್ತಿಯಾಗಿ ನಂಬಬೇಕಿಲ್ಲ. ಆದರೂ ಅಹಿಂಸೆಯ ಅಳತೆಗೋಲು ಹಿಡಿದು ನೋಡುವವರು ಹೊಗೆ ಬಾರದ ತಂತ್ರವೆಲ್ಲ ನಿರ್ಮಲವೆಂದು ತಿಳಿಯದೆ, ಅದನ್ನು ಕಟ್ಟಿದ ಕೈಗಳ ಪಾಡನ್ನೂ ಕೇಳುವುದು ನ್ಯಾಯ.

1565ರಲ್ಲಿ ರಾಜಧಾನಿ ಸೂರೆಯಾಯಿತು. ಅರಮನೆಯ ಕಲ್ಲುದೋಣಿಗಳು ಒಣಗಿದವು. ಕಾಲುವೆಗಳು ಒಣಗಲಿಲ್ಲ. ಅರಮನೆಗೆ ನೀರು ತರುವವನು ಅರಸನ ಆಳು. ಹೊಲಕ್ಕೆ ನೀರು ತರುವವನು ಅದೇ ಹೊಲದ ರೈತ. ಅರಸ ಹೋದರೂ ರೈತನಿಗೆ ಕಾಲುವೆ ಬೇಕಿತ್ತು, ಹೂಳು ತೆಗೆದ, ಒಡ್ಡಿನ ಕಲ್ಲು ಸರಿಪಡಿಸಿದ. ವಿಜಯನಗರದ ಕಾಲದ ಶಾಸನಗಳಲ್ಲಿ ಕೆರೆ ಕಟ್ಟಿದವರಿಗೆ, ದುರಸ್ತಿ ಮಾಡಿದವರಿಗೆ ದಶವಂದ, ಕಟ್ಟುಕೊಡಗೆ ಎಂದು ಭೂಮಿ ಬಿಡುವುದು, ಹೂಳು ಹೊರುವ ಬಂಡಿಗೆ ದತ್ತಿ ಇಡುವುದು ಮತ್ತೆ ಮತ್ತೆ ಕಾಣುತ್ತದೆ. ಕಟ್ಟುವ ಖರ್ಚಿನ ಜೊತೆಗೇ ಉಳಿಸುವ ಖರ್ಚನ್ನೂ ಬರೆದಿಡುತ್ತಿದ್ದರು. ಇಂದಿನ ಯೋಜನೆಗಳಲ್ಲಿ ಉದ್ಘಾಟನೆಯ ಕಲ್ಲು ಇರುತ್ತದೆ, ಈ ಎರಡನೆಯ ಸಾಲು ಇರುವುದಿಲ್ಲ.

ಸಿಮೆಂಟಿನ ಪ್ರಶ್ನೆ

ಈಚಿನ ವರ್ಷಗಳಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದ ನೆರವಿನಿಂದ ರಾಜ್ಯ ಸರ್ಕಾರ ಈ ಕಾಲುವೆಗಳ ಆಧುನೀಕರಣ ಕೈಗೊಂಡಿತು. ಕಾಲುವೆಗೆ ಸಿಮೆಂಟ್ ಲೈನಿಂಗ್ ಬೇಕೇ ಎಂಬುದು ಇಲ್ಲಿ ನಿಜವಾದ ಚರ್ಚೆ. ಮಣ್ಣಿನ ಕಾಲುವೆಯಲ್ಲಿ ದಾರಿಯುದ್ದಕ್ಕೂ ನೀರು ಇಂಗುತ್ತದೆ. ಮೇಲ್ಭಾಗದ ರೈತ ಹೆಚ್ಚು ಬಿಟ್ಟುಕೊಂಡರಂತೂ ಕೊನೆ ಭಾಗದವರಿಗೆ ಕಾಲುವೆಯ ತಳವೇ ಕಾಣುತ್ತದೆ. ಲೈನಿಂಗ್ ಮಾಡಿದರೆ ನೀರು ಬೇಗ ಮುಟ್ಟುತ್ತದೆ. ಆದರೆ ಇಂಗಿದ ನೀರೆಲ್ಲ ನಷ್ಟವಲ್ಲ: ಪಕ್ಕದ ಬಾವಿ, ಬೋರ್‌ವೆಲ್, ತೆಂಗಿನ ಬೇರು ಅದನ್ನೇ ಕುಡಿಯುತ್ತವೆ. ಕಲ್ಲುಕಟ್ಟಡದ ದಂಡೆಯಲ್ಲಿ ಬದುಕುವ ಮೀನು, ಏಡಿ, ಆಮೆಗಳಿಗೆ ನುಣುಪಾದ ಸಿಮೆಂಟ್ ಗೋಡೆಯಲ್ಲಿ ಜಾಗವಿಲ್ಲ. ಹಂಪಿ 1986ರಿಂದ ವಿಶ್ವ ಪರಂಪರೆಯ ತಾಣ. 1999ರಿಂದ 2006ರವರೆಗೆ ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲೂ ಇತ್ತು. ಆ ಪ್ರದೇಶದೊಳಗಿನ ಹಳೆಯ ಕಲ್ಲಿನ ಕಾಲುವೆಯನ್ನು ಸಿಮೆಂಟಿನಿಂದ ಮುಚ್ಚುವುದು ಬಸದಿಯ ಕಂಬಕ್ಕೆ ಪೇಂಟ್ ಹೊಡೆದಂತೆಯೇ. ಊರಾಚೆ, ಕೊನೆ ಭಾಗದ ಹೊಲಗಳ ಕಡೆ ಲೈನಿಂಗಿಗೆ ಅರ್ಥವಿದೆ. ಎಲ್ಲ ಕಡೆ ಒಂದೇ ಅಚ್ಚು ಸಲ್ಲದು.

ಇದಕ್ಕಿಂತ ಸುಲಭವಾಗಿ ಸರಿಪಡಿಸಬಹುದಾದ ತೊಂದರೆ ಹೊಸಪೇಟೆಯಲ್ಲೇ ಇದೆ. ಊರೊಳಗೆ ಹಾಯುವ ಕಾಲುವೆಗೆ ಚರಂಡಿ ನೀರು, ಪ್ಲಾಸ್ಟಿಕ್ ಸೇರಿದರೆ ಆರು ನೂರು ವರ್ಷದ ಜಾಣ್ಮೆಯೆಲ್ಲ ಕೊಳಕನ್ನು ಹೊಲಕ್ಕೆ ಮುಟ್ಟಿಸುವ ಜಾಣ್ಮೆಯಾಗುತ್ತದೆ. ನೀರನ್ನು ಬಟ್ಟೆಯಲ್ಲಿ ಸೋಸಿ, ಸೋಸಿದ್ದರಲ್ಲಿ ಉಳಿದ ಜೀವಿಗಳನ್ನು ಮತ್ತೆ ನೀರಿಗೇ ಬಿಡುವ ಪದ್ಧತಿ ಇರುವ ಮನೆಗಳಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ಸುತ್ತಲಿನ ಹೊಸ ಪ್ರಯತ್ನಗಳೂ ಲೆಕ್ಕಕ್ಕೆ ಬರಬೇಕು. ಡ್ಯಾಮಿನ ಬುಡದಲ್ಲೂ ಹಂಪಿಯ ಬಳಿ ಬಲದಂಡೆ ಕಾಲುವೆಯ ಇಳಿತದಲ್ಲೂ ಇರುವ ವಿದ್ಯುದಾಗಾರಗಳ ಸಾಮರ್ಥ್ಯ ಒಟ್ಟು 72 ಮೆಗಾವಾಟ್. ಹೊಲಕ್ಕೆ ಹೋಗುವ ನೀರೇ ದಾರಿಯಲ್ಲಿ ಕರೆಂಟ್ ಕೊಟ್ಟು ಹೋಗುತ್ತದೆ. ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಜಿಂದಾಲ್ ಉಕ್ಕಿನ ಕಾರ್ಖಾನೆ 1999ರಲ್ಲಿ ಕೋರೆಕ್ಸ್ ವಿಧಾನ ತಂದು, ಅದರಿಂದ ಹೊರಬರುವ ಅನಿಲದಿಂದ ವಿದ್ಯುತ್ ತೆಗೆಯಿತು. ಕಲ್ಲಿದ್ದಲನ್ನು ಮಾತ್ರ ಅದೂ ಬಿಟ್ಟಿಲ್ಲ. ಕಂಪ್ಲಿ, ಎಮ್ಮಿಗನೂರು ಕಡೆಯ ಭತ್ತ ಮಿಲ್ಲಿಗೆ ಹೋದಾಗ ತೂಕದ ಐದನೇ ಒಂದು ಪಾಲು ಹೊಟ್ಟು ಉಳಿಯುತ್ತದೆ. ಕುಸುಬಲಕ್ಕಿ ಮಾಡುವ ಮಿಲ್ಲುಗಳ ಬಾಯ್ಲರಿಗೆ ಅದೇ ಇಂಧನ. ಹೊಟ್ಟಿನ ಬೂದಿಯಲ್ಲಿ ಹೆಚ್ಚಿನದು ಸಿಲಿಕಾ. ಸಿಮೆಂಟಿಗೆ, ಇಟ್ಟಿಗೆಗೆ ಬಳಸಬಹುದು, ರಸ್ತೆ ಬದಿ ಸುರಿದರೆ ಮಾತ್ರ ಜನರ ಕಣ್ಣಿಗೆ, ಎದೆಗೆ ಬರುತ್ತದೆ.

ಹಂಪಿಗೆ ಹೋಗುವವರಿಗೆ ಎರಡು ವಿವರ. ಹೇಮಕೂಟದ ಮೆಟ್ಟಿಲು ಶಿಖರದ ಗುಡಿಗಳನ್ನು ಹಳೆಯ ಕೆಲವು ಪುಸ್ತಕಗಳು ಜೈನ ಬಸದಿಗಳೆಂದು ಕರೆದಿವೆ, ಅವು ಶೈವ ಗುಡಿಗಳು. ಇಮ್ಮಡಿ ದೇವರಾಯ 1426ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಚೈತ್ಯಾಲಯದ ಅವಶೇಷ ಅರಮನೆ ಆವರಣದ ಹತ್ತಿರದ ಪಾನ್ ಸುಪಾರಿ ಬಜಾರಿನಲ್ಲಿದೆ. ಕಾಲುವೆ ನೋಡಬೇಕಾದರೆ ಉಗ್ರನರಸಿಂಹನ ಪಕ್ಕದ ಬಡವಿಲಿಂಗದ ಗುಡಿಗೆ ಹೋಗಬೇಕು. ಅಲ್ಲಿ ಲಿಂಗದ ಪೀಠ ಸದಾ ನೀರಿನಲ್ಲಿ ನಿಂತಿರುತ್ತದೆ, ಗುಡಿಯೊಳಗೇ ಕಾಲುವೆಯ ನೀರು ಹಾಯುತ್ತದೆ. ಹಿಂದೆಯೇ ಬಾಳೆತೋಟ.